ಸೂಜಿಗೆ ಮಾನ್ಯತೆ ಬಂತು, ನೇಕಾರನ ಸೊಂಟಕ್ಕೇನು?

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ದಿನವೆಲ್ಲ ನಿಂತವನ ಸೊಂಟ, ಮುಧೋಳ-ಜಮಖಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊತ್ತವನ ಹೆಗಲು, ಬೀಳಗಿಯ ಪೇಟೆಯಲ್ಲಿ ಗಾದಿಯ ಮೇಲೆ ಕೂತ ವ್ಯಾಪಾರಿಯ ಮೊಣಕಾಲು, ಇವುಗಳ ನೋವು ನಮ್ಮ ಓದುಗರಿಗೆ ಹೇಳಿಕೊಡಬೇಕಾದುದಲ್ಲ. ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡವರೂ ಕಡಿಮೆಯಿಲ್ಲ. ಆದಕಾರಣ ಅಕ್ಯುಪಂಕ್ಚರ್ ಎಂಬ ಚೀನದ ಸೂಜಿ ಚಿಕಿತ್ಸೆಯನ್ನು ಸರಕಾರಗಳೂ ದೊಡ್ಡ ದವಾಖಾನೆಗಳೂ ಒಪ್ಪತೊಡಗಿರುವುದು ನಮಗೆ ಪರದೇಶದ ಸುದ್ದಿಯಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯೂ ನಮ್ಮ ನೆರೆಯಿಂದಲೇ ಮೊದಲಾಗುತ್ತದೆ. ಗಿರಣಿಗಳ ಊರಾದ, ಕನ್ನಡಿಗರೂ ಬಹಳವಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟಣೀಸರು 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಕ್ಕೆ ಹೋಗಿ, ಜಪಾನಿನ ದಾಳಿಗೆ ತುತ್ತಾದವರಿಗೆ ಶಸ್ತ್ರಕ್ರಿಯೆ ಮಾಡುತ್ತ, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಸೂಜಿ ವೈದ್ಯರಲ್ಲ. ಅದೇ ತಂಡದಲ್ಲಿದ್ದ ಡಾ. ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಗೆ ಮತ್ತೆ ಚೀನಕ್ಕೆ ಹೋಗಿ ಅದನ್ನು ಕಲಿತು, ಕಲಕತ್ತೆಯಲ್ಲಿ ನಡೆಸಿದರು. ಆಗ ನಕ್ಕವರೇ ಹೆಚ್ಚು. ಪಶ್ಚಿಮ ಬಂಗಾಲ 1996ರಲ್ಲಿ, ಮಹಾರಾಷ್ಟ್ರ 2015ರಲ್ಲಿ ಇದಕ್ಕೆ ಕಾಯಿದೆ ಮಾಡಿದವು. 2019ರಲ್ಲಿ ಕೇಂದ್ರದ ಆರೋಗ್ಯ ಮಂತ್ರಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಅಮೆರಿಕದ ವೃದ್ಧರ ಸರಕಾರಿ ವಿಮೆಯೂ 2020ರಿಂದ ಹಳೆಯ ಸೊಂಟನೋವಿಗೆ ಇದರ ಖರ್ಚು ಕೊಡುತ್ತಿದೆ.

ಮಾನ್ಯತೆ ಬಂದಿತೆಂದು ಕಣ್ಣು ಮುಚ್ಚಿ ನಂಬಬೇಕೆ? ಜರ್ಮನಿಯ ವೈದ್ಯರು ಸೊಂಟನೋವಿನ 1162 ಜನರನ್ನು ಪರೀಕ್ಷಿಸಿ 2007ರಲ್ಲಿ ಫಲ ಪ್ರಕಟಿಸಿದರು. ಆರು ತಿಂಗಳ ಮೇಲೆ ಗುಣ ಕಂಡವರು ಸೂಜಿಯಿಂದ ನೂರಕ್ಕೆ 47, ಎಂದಿನ ಔಷಧ-ವ್ಯಾಯಾಮಗಳಿಂದ 27. ಆದರೆ ಶಾಸ್ತ್ರದಲ್ಲಿ ಹೇಳಿದ ಜಾಗ ಬಿಟ್ಟು ಎಲ್ಲೆಂದರಲ್ಲಿ ಮೇಲೆಮೇಲೆ ಚುಚ್ಚಿಸಿಕೊಂಡವರಲ್ಲಿಯೂ 44 ಜನರಿಗೆ ಗುಣ! ನೋವಿಗೆ ಉಪಕಾರವುಂಟು, ನಾಡಿಮಾರ್ಗಗಳ ಪುರಾಣಕ್ಕೆ ಮಾತ್ರ ಆಧಾರ ತೆಳು ಎಂದೇ ನಾವು ಇದನ್ನು ಓದುತ್ತೇವೆ. ಸಕ್ಕರೆ ರೋಗಕ್ಕೆ, ಕ್ಷಯಕ್ಕೆ ಸೂಜಿ ಸಾಕು, ಗುಳಿಗೆ ಬಿಡಿರೆನ್ನುವವನ ಅಂಗಡಿಯ ಮೆಟ್ಟಿಲು ಹತ್ತಬೇಡಿರಿ. ಒಬ್ಬನಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬನಿಗೆ ಚುಚ್ಚಿದರೆ ಕಾಮಾಲೆ ಅಂಟಬಹುದು. ಹೊಸ ಪಾಕೀಟನ್ನು ನಿಮ್ಮ ಕಣ್ಣೆದುರೇ ಒಡೆಯಲಿ.

ಇನ್ನು ಹಣದ ಮಾತು. ಈ ಚಿಕಿತ್ಸೆ ಒಂದು ದಿನದ್ದಲ್ಲ, ವಾರಕ್ಕೆ ಒಂದೆರಡು ಸಲದಂತೆ ಹಲವು ವಾರ ಹೋಗಬೇಕು. ಹೋದ ದಿನ ಮಗ್ಗ ನಿಂತರೆ ಕೂಲಿಯೂ ನಿಲ್ಲುತ್ತದೆ. ಹತ್ತಕ್ಕಿಂತ ಕಡಿಮೆ ಆಳುಗಳಿರುವ ಶೆಡ್ಡಿಗೆ ಇ.ಎಸ್.ಐ. ಕಡ್ಡಾಯವಲ್ಲ. ನಮ್ಮ ಮಗ್ಗಗಳು ಎಷ್ಟೋ ಇರುವುದು ಇಂಥ ಶೆಡ್ಡುಗಳಲ್ಲಿಯೇ, ಇಲ್ಲವೆ ಮನೆಯ ಪಡಸಾಲೆಯಲ್ಲಿ. ಮಾನ್ಯತೆಯ ಕಾಗದ ದಿಲ್ಲಿಯಲ್ಲಿ ಹೊರಟರೆ ಇವರಿಗೆ ಬಂದ ಲಾಭವೇನು?

ನಮ್ಮ ಬೇಡಿಕೆ ದೊಡ್ಡದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸರಕಾರಿ ದವಾಖಾನೆಗಳಲ್ಲಿ ವಾರಕ್ಕೊಂದು ಸಂಜೆ, ಪಾಳಿ ಬಿಟ್ಟ ಮೇಲೆ, ತರಬೇತಾದ ವೈದ್ಯರು ನೋವಿನ ರೋಗಿಗಳನ್ನು ಪುಕ್ಕಟೆ ನೋಡಲಿ. ಸೂಜಿಯೋ ವ್ಯಾಯಾಮವೋ ಗುಳಿಗೆಯೋ ಅವರೇ ನಿರ್ಣಯಿಸಲಿ. ಸಣ್ಣ ಶೆಡ್ಡುಗಳ ಆಳುಗಳನ್ನೂ ಇ.ಎಸ್.ಐ.ಗೆ ಸೇರಿಸಲಿ. ಮಾಲಕರು ಪಾಳಿಯ ನಡುವೆ ಕೂರಲು ಒಂದು ಮಣೆ, ಬೆನ್ನು ನೀಡಲು ಹತ್ತು ನಿಮಿಷ ಕೊಡಲಿ. ಇದಕ್ಕೆ ಚೀನದಿಂದ ಯಾರೂ ಬರಬೇಕಿಲ್ಲ.