ಕೇಳಲು ಬಾರದವರ ಪ್ರಶ್ನೆ

“ನನ್ನ ಕ್ವೆರಿ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸರಿಮಾಡಿಕೊಡಿ ಸರ್” ಎಂಬ ಒಂದೇ ಸಾಲಿನ ಪತ್ರವು, ಡೇಟಾಬೇಸಿನ ತೊಡಕುಗಳಲ್ಲಿ ಅಪರಿಚಿತರಿಗೆ ಕೈಲಾದ ನೆರವನ್ನೀಯುವ ನಮ್ಮಂಥವರಿಗೆ ಮೇಲಿಂದ ಮೇಲೆ ಬರುತ್ತಲೇ ಇರುವುದು. ಕೋಷ್ಟಕ ಯಾವುದು, ಅದರೊಳಗೆ ಏನಿದೆ, ಬೇಕಾದುದೇನು, ಬಂದುದೇನು ಎಂಬ ಯಾವ ವಿವರವೂ ಇಲ್ಲದ ಇಂಥ ಪ್ರಶ್ನೆಯನ್ನು ಅಲಕ್ಷಿಸುವುದು, ಇಲ್ಲವೆ ಕೇಳುವ ಕ್ರಮವನ್ನು ಮೊದಲು ಕಲಿತು ಬಾ ಎಂದು ಗದರಿಸಿ ಕಳುಹಿಸುವುದು, ಬಲ್ಲವರಲ್ಲಿ ಅನೇಕರಿಗೆ ಅಭ್ಯಾಸವಾಗಿಹೋಗಿದೆ. ಅದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಶ್ನೆಯನ್ನು ಸಮರ್ಪಕವಾಗಿ ಕೇಳಬಲ್ಲವನು ಉತ್ತರದ ಬಹುಭಾಗವನ್ನು ತಾನೇ ಕಂಡುಕೊಂಡಿರುವನಾದುದರಿಂದ, ನಮ್ಮ ನೆರವು ಹೆಚ್ಚಾಗಿ ಸಲ್ಲತಕ್ಕದ್ದು ಕೇಳಲು ಬಾರದವನಿಗೆ. ಮತ್ತು ಆ ನೆರವು ಮೊದಲಾಗಬೇಕಾದುದು ಅವನಿಗೆ ಬೇಕಾದುದನ್ನು ಅವನ ಮಾತಿನಲ್ಲಿಯೇ, ಎಂದರೆ ನಮ್ಮವರ ಮಟ್ಟಿಗೆ ಕನ್ನಡದಲ್ಲಿಯೇ, ಹೇಳಿಸುವುದರಿಂದ.

ಈಚೆಗೆ ಇಂಥ ಪತ್ರವನ್ನು ಬರೆದವರು ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುವ ತರುಣಿಯೊಬ್ಬರು. “ನಿಮಗೆ ಬೇಕಾದ ಪಟ್ಟಿ ಯಾವುದಮ್ಮಾ? ಕನ್ನಡದಲ್ಲಿಯೇ ಬರೆಯಿರಿ, ಜೊತೆಗೆ ಕೋಷ್ಟಕಗಳಿಂದ ನಾಲ್ಕಾರು ಸಾಲುಗಳನ್ನು, ಜನರ ಹೆಸರುಗಳನ್ನು ಮರೆಮಾಡಿ, ಕಳುಹಿಸಿರಿ” ಎಂದೆ. ಈ ವರ್ಷ ಒಂದು ಕಂತನ್ನೂ ಕಟ್ಟದ ಸದಸ್ಯರ ಪಟ್ಟಿ ಬೇಕಾಗಿದೆಯೆಂದೂ, ಅವರಿಗೆ ನೋಟೀಸು ಕೊಡಬೇಕೆಂದೂ, ಬಾಕಿದಾರರು ಇದ್ದೇ ಇರುವರಾದರೂ ಪಟ್ಟಿ ಮಾತ್ರ ಬರಿದಾಗಿ ಬರುತ್ತಿದೆಯೆಂದೂ ಅವರು ತಿಳಿಸಿದರು. ಕಳುಹಿಸಿದ ಸಾಲುಗಳಲ್ಲಿ ಒಂದು ಪಾವತಿಯ ಎದುರು ಸದಸ್ಯಸಂಖ್ಯೆಯೇ ಇರಲಿಲ್ಲ. ಅದೇಕೆಂದು ಕೇಳಲು, “ಅದು ಅನಾಮತ್ತು ಸರ್, ಯಾರು ಕಟ್ಟಿದ್ದು ಅಂತ ಇನ್ನೂ ಗೊತ್ತಾಗಿಲ್ಲ” ಎಂದರು.

ತೊಡಕು ಇದ್ದುದು ಆ ಒಂದು ಶಬ್ದದಲ್ಲಿ. ಬರೆಯದೆ ಬಿಟ್ಟ ಸ್ಥಾನವನ್ನು ಡೇಟಾಬೇಸಿಗೆ ಪ್ರಶ್ನೆ ಕೇಳುವ ಎಸ್‌ಕ್ಯುಎಲ್ ಭಾಷೆಯು ‘ನಲ್’ ಎಂದು ಕರೆಯುವುದು. ಅದು ಸೊನ್ನೆಯೂ ಅಲ್ಲ, ಬರಿಯ ಖಾಲಿ ಜಾಗವೂ ಅಲ್ಲ, ‘ಗೊತ್ತಿಲ್ಲ’ ಎಂಬ ಹೇಳಿಕೆ. ಪಾವತಿ ಮಾಡಿದವರ ಸಾಲಿನಲ್ಲಿ ಇಲ್ಲದವರನ್ನು ‘ನಾಟ್ ಇನ್’ ಎಂದು ಕೇಳಿದಾಗ, ಕಟ್ಟಿದವರಲ್ಲಿ ಒಬ್ಬನು ಯಾರೆಂದೇ ತಿಳಿಯದಿರುವುದರಿಂದ, ಯಾವ ಸದಸ್ಯನ ವಿಷಯದಲ್ಲಿಯೂ ‘ಇವನು ಆ ಒಬ್ಬನಲ್ಲ’ ಎಂದು ನಿಶ್ಚಯಿಸಲಾರದೆ ಯಂತ್ರವು ಒಂದು ಹೆಸರನ್ನೂ ಕೊಡದು. ‘ನಾಟ್ ಎಕ್ಸಿಸ್ಟ್ಸ್’ ಎಂದು ಬರೆದರೆ ಪಟ್ಟಿ ಬರುವುದು. ಬಲ್ಲವನಿಗೆ ಅರ್ಧ ನಿಮಿಷದ ಕೆಲಸ. ಆದರೆ ಅಷ್ಟನ್ನೇ ಬರೆದುಕೊಟ್ಟು ನಾನು ಸುಮ್ಮನಾಗಿದ್ದರೆ, ಅನಾಮತ್ತಿನಲ್ಲಿ ಬಿದ್ದಿರುವ ಆ ಹಣವನ್ನು ಕಟ್ಟಿದ ರೈತನ ಹೆಸರೂ ಬಾಕಿದಾರರ ನಡುವೆ ಸೇರಿ, ಸಾಲದ ಕಂತನ್ನು ತೀರಿಸಿದವನ ಮನೆಗೇ ನೋಟೀಸು ಹೋಗುತ್ತಿತ್ತು! ಕ್ವೆರಿ ಶುದ್ಧವಾಗಿದ್ದೂ ಉತ್ತರ ಅನ್ಯಾಯವಾಗುವ ಇಂಥ ಸ್ಥಳವನ್ನು ಕೋಡೊಂದನ್ನೇ ನೋಡುವವನು ಕಾಣಲಾರ. ಆ ಪಾವತಿ ಯಾರದೆಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ, ಆಮೇಲೆ ಪಟ್ಟಿಯನ್ನು ತೆಗೆಯಿರಿ ಎಂದು ತಿಳಿಸಿದೆ.

ಈ ‘ಗೊತ್ತಿಲ್ಲ’ದ ಮುಂದೆ ಕಲಿಯುವವನು ಮುಗ್ಗರಿಸಿದರೆ ಅದನ್ನು ಮಂದಬುದ್ಧಿಯೆನ್ನಲಾಗದು. 1970ರಲ್ಲಿ ಕೋಷ್ಟಕ ಸಂಬಂಧಗಳ ಸಿದ್ಧಾಂತವನ್ನು ಮಂಡಿಸಿದ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ಹೌದು, ಅಲ್ಲ, ಗೊತ್ತಿಲ್ಲ ಎಂಬ ಮೂರು ಬೆಲೆಗಳ ತರ್ಕವನ್ನು ಎತ್ತಿಹಿಡಿದರೆ, ಅದೇ ಸಿದ್ಧಾಂತದ ಶ್ರೇಷ್ಠ ವ್ಯಾಖ್ಯಾನಕಾರರಾದ ಕ್ರಿಸ್ ಡೇಟ್ ಅವರು ‘ನಲ್’ ಎಂಬುದೇ ಕೂಡದೆಂದು ದಶಕಗಳ ಕಾಲ ವಾದಿಸಿದರು. ಆಚಾರ್ಯರಲ್ಲಿಯೇ ಒಮ್ಮತವಿಲ್ಲದ ಎಡೆಯಲ್ಲಿ ಶಿಷ್ಯನನ್ನು ಜರೆಯುವುದು ಯಾವ ನ್ಯಾಯ?

ಇನ್ನು ಭಾಷೆಯ ಮಾತು. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬಿಬ್ಬರು ಐಬಿಎಂನಲ್ಲಿ ಎಸ್‌ಕ್ಯುಎಲ್ ಎಂಬ ಈ ಪ್ರಶ್ನಾಭಾಷೆಯನ್ನು ರೂಪಿಸಿದಾಗ ಅದಕ್ಕಿಟ್ಟ ಹೆಸರು ‘ಸೀಕ್ವೆಲ್’. ಅದರ ವಿಸ್ತರಣೆಯಲ್ಲಿ ‘ಇಂಗ್ಲಿಷ್’ ಎಂಬ ಶಬ್ದವೇ ಅಡಗಿತ್ತು. ಪ್ರೋಗ್ರಾಮಿಂಗ್ ಅರಿಯದ ಲೆಕ್ಕಿಗರೂ ಇತರರೂ ತಾವೇ ಪ್ರಶ್ನೆ ಕೇಳುವಂತಾಗಲೆಂಬುದು ಅವರ ಉದ್ದೇಶ. ಆದಕಾರಣ ಇಂಗ್ಲಿಷ್ ವಾಕ್ಯದ ಅನುಕ್ರಮದಲ್ಲಿ ‘ಸೆಲೆಕ್ಟ್’ ಮೊದಲು, ‘ಫ್ರಮ್’ ಅನಂತರ, ‘ವೇರ್’ ಕೊನೆಗೆ. ಆದರೆ ಆ ವಾಕ್ಯದ ಅರ್ಥವನ್ನು ಬಿಡಿಸತಕ್ಕ ತಾರ್ಕಿಕ ಕ್ರಮ ಬೇರೆ: ಮೊದಲು ಯಾವ ಕೋಷ್ಟಕದಿಂದ, ಆಮೇಲೆ ಯಾವ ನಿಬಂಧನೆಗೆ ಒಳಪಟ್ಟವರು, ಕಡೆಗೆ ಏನನ್ನು ಆರಿಸುವುದು. “ಸದಸ್ಯರ ಪಟ್ಟಿಯಿಂದ, ಬಾಕಿಯುಳ್ಳವರ, ಹೆಸರನ್ನು ಆರಿಸು” ಎಂದು ಕನ್ನಡದಲ್ಲಿ ಹೇಳಿನೋಡಿ. ಕ್ರಿಯಾಪದವನ್ನು ಕೊನೆಗಿರಿಸುವ ನಮ್ಮ ನುಡಿಯ ಸಹಜಗತಿಯೇ ಆ ಕ್ರಮವಾಗಿದೆ. ‘ಸೆಲೆಕ್ಟ್’ನಲ್ಲಿ ಹೊಸದಾಗಿ ಇಟ್ಟ ಹೆಸರನ್ನು ‘ವೇರ್’ ಏಕೆ ಗುರುತಿಸದು ಎಂಬ, ಹೊಸಬರನ್ನೆಲ್ಲ ಕಾಡುವ ಸಂದೇಹವು ಈ ಒಂದು ವಾಕ್ಯದಿಂದ ಪರಿಹಾರವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಹೀಗಿರುತ್ತ, ತಿಳಿದವರು ಮುರುಕು ಇಂಗ್ಲಿಷಿನಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿಯೇ ಉತ್ತರಿಸಿ, ಇಬ್ಬರಿಗೂ ಗೊತ್ತಿರುವ ಭಾಷೆಯನ್ನು ಬದಿಗಿಡುವುದು ನನಗೆ ಬಹಳ ನೋವುಂಟುಮಾಡುತ್ತದೆ.

ಅದೇ ತರುಣಿ ತಿಂಗಳ ಮೇಲೆ ಮತ್ತೊಂದು ಪತ್ರ ಬರೆದರು. ಈ ಬಾರಿ ಕೋಷ್ಟಕದ ರೂಪ, ನಾಲ್ಕು ಸಾಲುಗಳು, ಬಯಸಿದ ಫಲ, ಬಂದ ಫಲ ಎಲ್ಲವೂ ಅಚ್ಚುಕಟ್ಟಾದ ಕನ್ನಡದಲ್ಲಿದ್ದುವು. ಸದಸ್ಯರ ಹೆಸರುಗಳನ್ನು ಕನ್ನಡದಲ್ಲಿ ತುಂಬಿಸಿದರೆ, ತೆಗೆದುನೋಡುವಾಗ ಅಕ್ಷರಗಳ ಬದಲು ಬರಿಯ ಪ್ರಶ್ನಚಿಹ್ನೆಗಳು! ಎಸ್‌ಕ್ಯುಎಲ್ ಸರ್ವರ್ ಎಂಬ ತಂತ್ರಾಂಶದ ‘ವಾರ್‌ಚಾರ್’ ಅಂಕಣವು ಸಾಮಾನ್ಯ ಏರ್ಪಾಡಿನಲ್ಲಿ ನಮ್ಮ ಲಿಪಿಯನ್ನು ಧರಿಸಲಾರದೆಂದೂ, ಅದನ್ನು ‘ಎನ್‌ವಾರ್‌ಚಾರ್’ ಮಾಡಿ, ಬರೆಯುವ ಹೆಸರಿಗೆ ಮೊದಲು ‘ಎನ್’ ಅಕ್ಷರವನ್ನು ಇರಿಸಬೇಕೆಂದೂ ತಿಳಿಸಿದೆ. ತುಂಬಿಸಿಯಾಗಿರುವ ಹೆಸರುಗಳ ಗತಿಯೇನೆಂದು ಅವರು ಕೇಳಿದರು. ಅವು ನಷ್ಟವಾದುವು, ಯಾವ ಕ್ವೆರಿಯೂ ಅವನ್ನು ಮರಳಿ ತರಲಾರದು, ಕಾಗದದ ಸದಸ್ಯತ್ವ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಿರುಗಿ ಬರೆಯಬೇಕು ಎಂಬುದನ್ನೂ ಮುಚ್ಚಿಡದೆ ಹೇಳಿದೆ. “ಪುಸ್ತಕ ಇದೆ ಸರ್, ಇವತ್ತೇ ಶುರು ಮಾಡ್ತೀನಿ” ಎಂದು ಉತ್ತರ ಬಂತು.