ಬೆನ್ನಿನ ಆಪರೇಷನ್ ಆದ್ರೆ ಮಲಗೇ ಇರ್ಬೇಕಾ?

1/4
“ಬೆನ್ನು ಕೊಯ್ದಾರ, ಎಬ್ಬಿಸಬ್ಯಾಡ್ರಿ.” ಈ ಮಾತು ನಿಮ್ಮನೇಲೂ ಕೇಳಿರ್ತೀರಿ. ಸಂಡೂರಲ್ಲಿ ಅದಿರು ಲಾರಿ ಓಡಿಸೋರು, ಕಂಪ್ಲಿ ಗದ್ದೇಲಿ ಬಗ್ಗಿ ನಾಟಿ ಮಾಡೋರು... ನಮ್ಮ ಕಡೆ ಸೊಂಟ ನೋವಿಗೇನು ಬರಗಾಲ ಇಲ್ಲ. ಅವರಲ್ಲಿ ಕೆಲವರಿಗೆ ಮಾತ್ರ ಫ್ಯೂಷನ್ ಬೇಕಾಗುತ್ತೆ. ಅಂದ್ರೆ ಬೆನ್ನುಮೂಳೆಗಳನ್ನ ಸ್ಕ್ರೂ, ರಾಡ್ ಹಾಕಿ ಹಿಡಿದಿಟ್ಟು ಒಂದಾಗಿ ಬೆಳೆಯೋ ಹಾಗೆ ಮಾಡೋದು. ಮೂಳೆ ಕೂಡೋಕೆ ತಿಂಗಳುಗಟ್ಟಲೆ ಬೇಕು, ನಿಜ. ಅಲ್ಲೀವರೆಗೂ ಮಂಚ ಬಿಡಬಾರ್ದು ಅಂತ ಯಾರು ಹೇಳಿದ್ದು?

2/4
ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲೇ ಕರುಳಿನ ಆಪರೇಷನ್ ಆದವರನ್ನ ಬೇಗ ಎಬ್ಬಿಸಿ, ಬೇಗ ಉಣ್ಣಿಸಿ, ಬೇಗ ಮನೆಗೆ ಕಳಿಸಬಹುದು ಅಂತ ತೋರಿಸಿದ್ರು. ಆ ಪದ್ಧತಿಗೆ ಈಗ ಇರಾಸ್ ಅಂತಾರೆ. ಸೊಂಟದ ಫ್ಯೂಷನ್‌ಗೂ 2021ರಲ್ಲಿ ಇದರ ಮಾರ್ಗಸೂಚಿ ಬಂತು. ನಮ್ಮ ವಿಜಯನಗರ ಜಿಲ್ಲೆ ಆಗಿದ್ದೂ ಅದೇ ವರ್ಷ, ಲೆಕ್ಕ ಇಟ್ಕೊಳ್ಳಿ!

ಇದಕ್ಕೆ ಕೋಟಿ ರೂಪಾಯಿ ಮಷೀನ್ ಬೇಡ. ಆಪರೇಷನ್‌ಗೆ ಮೊದಲೇ ಬೀಡಿ, ಸಿಗರೇಟ್ ಬಿಡಿಸೋದು, ಯಾಕಂದ್ರೆ ಹೊಗೆ ಎಳೆಯೋರಿಗೆ ಮೂಳೆ ಕೂಡೋದು ಕಷ್ಟ. ರಾತ್ರಿಯಿಡೀ ಬಾಯಿ ಒಣಗಿಸದೆ, ಅರಿವಳಿಕೆ ಡಾಕ್ಟರ್ ಒಪ್ಪಿದ್ರೆ, 2 ಗಂಟೆ ಮುಂಚಿನವರೆಗೂ ನೀರು ಕೊಡೋದು. ನೋವಿಗೆ ಬರೀ ಮಾರ್ಫಿನ್ ಥರದ್ದನ್ನೇ ನಂಬದೆ ಬೇರೆ ಬೇರೆ ಔಷಧಿ ಸೇರಿಸಿ ಕೊಡೋದು. ಮೂತ್ರದ ಪೈಪ್ ಬೇಗ ತೆಗೆಯೋದು. ಆದ್ರೆ ಅವತ್ತೇ, ಇಲ್ಲಾಂದ್ರೆ ಮಾರನೇ ದಿನ ನಡೆಸೋದು. ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು, ಇರೋ ಶಕ್ತಿನೂ ಇಳಿಯುತ್ತೆ.

3/4
ನಮ್ಮ ಸೋದರಮಾವ ಫ್ಯೂಷನ್ ಮಾಡಿಸ್ಕೊಂಡು ಆಸ್ಪತ್ರೇಲಿ ಹತ್ತು ದಿನ ಇದ್ರು. ಐದನೇ ದಿನದವರೆಗೂ ಯಾರೂ ಎಬ್ಬಿಸಲಿಲ್ಲ. ಫಿಸಿಯೋ ಬರ್ತಿದ್ದದ್ದು ವಾರಕ್ಕೆ ಎರಡೇ ಸಲ. ಅತ್ತೆ ಹತ್ತೂ ದಿನ ಕೂಲಿ ಬಿಟ್ಟು ಮಂಚದ ಪಕ್ಕ ಚಾಪೆ ಹಾಸ್ಕೊಂಡಿದ್ರು. ಬಿಕಾಂ ದೋಸ್ತರೇ, ಆ ಹತ್ತು ದಿನದ ಕೂಲಿ ಯಾವ ಲೆಡ್ಜರ್‌ಗೆ ಬರೀತೀರಿ? ಆಯುಷ್ಮಾನ್ ಕಾರ್ಡ್ ಆಪರೇಷನ್ ಖರ್ಚು ನೋಡ್ಕೊಳ್ಳುತ್ತೆ, ಅತ್ತೆ ಕೂಲಿಯನ್ನಲ್ಲ.

4/4
“ಬೇಗ ಕಳಿಸೋದು ಬೆಡ್ ಖಾಲಿ ಮಾಡೋ ವ್ಯಾಪಾರ” ಅಂತ ಕಾಮೆಂಟ್ ಹಾಕೋಕೆ ಹೊರಟವರೇ, ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಏನೂ ತಯಾರಿ ಇಲ್ಲದೆ ಮೂರನೇ ದಿನ ಆಟೋ ಹತ್ತಿಸಿದ್ರೆ ಅದು ಇರಾಸ್ ಅಲ್ಲ, ಖರ್ಚನ್ನ ಆಸ್ಪತ್ರೆ ಖಾತೆಯಿಂದ ಮನೆ ಖಾತೆಗೆ ದಾಟಿಸೋದು. ಅದಕ್ಕೇ ನಾವು ಕೇಳ್ಬೇಕಾದ್ದು ತಾಲ್ಲೂಕು ಆಸ್ಪತ್ರೇಲಿ ದಿನಾ ಸಿಗೋ ಫಿಸಿಯೋ, ಕನ್ನಡದಲ್ಲಿ ಬರೆದ ಡಿಸ್ಚಾರ್ಜ್ ಚೀಟಿ, ಮನೆಗೆ ಬಂದ್ಮೇಲೆ ಒಂದು ಫೋನ್. ನಿಮ್ಮ ಮನೆಯವರು ಅಡ್ಮಿಟ್ ಆದ್ರೆ ಮೊದಲ ದಿನವೇ ಕೇಳ್ರಿ: ಯಾವತ್ತು ನಡೆಸ್ತೀರಿ? ಜ್ವರ ಬಂದ್ರೆ, ಗಾಯದಿಂದ ಕೀವು ಬಂದ್ರೆ, ಕಾಲು ಸೋತ್ರೆ, ಮೂತ್ರ ಕಟ್ಟಿದ್ರೆ, ರಾತ್ರಿ ಎರಡು ಗಂಟೆಗೂ ಯಾರು ಫೋನ್ ಎತ್ತುತಾರೆ?