ಅಮ್ಮಿಗೂ ಒಂದು ರಜೆ

ಮನೆಮಂದಿಯೆಲ್ಲ ಒಂದು ದಿನ ಸುತ್ತಾಡಿ ಬರಲು ದಾವಣಗೆರೆಯವರಿಗೆ ಜಾಗಕ್ಕೆ ಬರವಿಲ್ಲ. ಕುಂದವಾಡ ಕೆರೆ, ಗಾಜಿನ ಮನೆ ನಮ್ಮ ಶಾಮನೂರಿಗೆ ಹತ್ತಿರವೇ. ಹರಿಹರದಲ್ಲಿ ತುಂಗಭದ್ರೆಯ ದಂಡೆ, 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಸ್ಥಾನ. ನನ್ನನ್ನು ಕೇಳಿದರೆ ಸಂತೇಬೆನ್ನೂರೇ ಮೊದಲು. ಪುಷ್ಕರಣಿಯ ನೀರಿನ ನಡುವೆ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನೆ. ಆ ಹೆಸರಿನ ಅರ್ಥವನ್ನು ನಮ್ಮ ದಾದಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ!

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಖರ್ಚು ಉಳಿಯಿತು ಎನ್ನುತ್ತೇವೆ. ಕಾಮರ್ಸ್ ಓದುವವರು ಲೆಕ್ಕವನ್ನು ಪೂರ್ತಿ ಬರೆಯಬೇಕಲ್ಲವೇ? ಅಬ್ಬಾ ಕೊಟ್ಟ ಆಟೋ ಬಾಡಿಗೆ, ಐಸ್‌ಕ್ರೀಮಿನ ದುಡ್ಡು ಲೆಕ್ಕಕ್ಕೆ ಬರುತ್ತದೆ. ಅಮ್ಮಿ ನಸುಕಿನಲ್ಲೇ ಎದ್ದು ಪಲಾವ್ ಮಾಡಿ ಡಬ್ಬಿ ತುಂಬಿದ್ದು, ಅಲ್ಲಿ ಎಲ್ಲರಿಗೂ ಬಡಿಸಿದ್ದು, ರಾತ್ರಿ ಪಾತ್ರೆ ತೊಳೆದದ್ದು ಯಾವ ಕಾಲಂನಲ್ಲೂ ಇಲ್ಲ. ನಾವು ಊರು ನೋಡಿ ಬಂದೆವು; ಅವರು ಅಡುಗೆಮನೆಯನ್ನು ಹೊತ್ತುಕೊಂಡು ಹೋಗಿ ಬಂದರು.

ಹೊರಗಿನ ಊಟ ದುಬಾರಿ ಎನ್ನುವ ಮಾತು ಸುಳ್ಳಲ್ಲ, ಆರು ಜನರಿಗೆ ಹೋಟೆಲ್ ಬಿಲ್ ಕಟ್ಟುವುದು ಕಷ್ಟವೇ. ಆದರೆ ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗಲು ಏನಡ್ಡಿ? ಅದೂ ಬೇಡ, ಪಲಾವೇ ಬೇಕು ಎಂದರೆ ಮಕ್ಕಳು ಹಿಂದಿನ ರಾತ್ರಿಯೇ ಈರುಳ್ಳಿ ಹೆಚ್ಚಿಡಲಿ. ಪಾತ್ರೆಯನ್ನೂ ಅವರೇ ತೊಳೆಯಲಿ.